ಬಾಗಿಲಲ್ಲಿ ಅಳುವ ಮಗು

ತಂಗಿ, ಅಂಗನವಾಡಿ ಕಾರ್ಯಕರ್ತೆಯಾಗಿ ಕೆಲಸಕ್ಕೆ ಸೇರಿದೆ ಅಂತ ಕೇಳಿ ಸಂತೋಷವಾಯಿತು. ನಿನ್ನೂರು ಚನ್ನಗಿರಿಯ ಅಡಿಕೆ ತೋಟಗಳ ನಡುವೆ ಇರಲಿ, ಹೊನ್ನಾಳಿಯ ಹೊಳೆಸಾಲಿನಲ್ಲಿರಲಿ, ನ್ಯಾಮತಿಯ ತಾಂಡಾ ಆಗಿರಲಿ, ಜಗಳೂರಿನ ಬಯಲಾಗಿರಲಿ, ಮೊದಲ ದಿನ ಬಾಗಿಲಲ್ಲಿ ನಿನಗೆ ಸಿಗುವುದು ಅಳುವ ಮಗು. ತೂಕ ಹೇಗೆ ನೋಡಬೇಕು, ಮೊಟ್ಟೆ ಹಾಲಿನ ಲೆಕ್ಕ ಹೇಗೆ ಬರೆಯಬೇಕು ಅನ್ನುವುದನ್ನು ಇಲಾಖೆಯವರು ಹೇಳಿಕೊಡುತ್ತಾರೆ. ಈ ಸೀಮೆಯಲ್ಲಿ ಮೇಲ್ವಿಚಾರಕಿಯಾಗಿ ವರ್ಷಗಟ್ಟಲೆ ಓಡಾಡಿದ ನಾನು ಆ ಮಗುವಿನ ಬಗ್ಗೆ ಮಾತ್ರ ಹೇಳುತ್ತೇನೆ.

ಅದನ್ನು ಸುಮ್ಮನಾಗಿಸುವ ಅವಸರ ಮಾಡಬೇಡ.

ಮೂರು ವರ್ಷದ ಕೂಸು ತಾಯಿಯ ಸೆರಗು ಹಿಡಿದು ಬಿಡುವುದಿಲ್ಲ. ಆಕೆಗೆ ಕೂಲಿಗೆ ಹೊತ್ತಾಗಿರುತ್ತದೆ. ‘ಅದು ಆಟ ಆಡೋ ಹೊತ್ತಿಗೆ ಹಿಂದಿನ ಬಾಗಿಲಿಂದ ಹೋಗಿಬಿಡು’ ಅಂತ ಸಹಾಯಕಿ ಹೇಳುತ್ತಾಳೆ. ನಾನೂ ಎಷ್ಟೋ ತಾಯಂದಿರಿಗೆ ಹಾಗೇ ಹೇಳಿದ್ದೆ. ತಪ್ಪು ಮಾಡಿದೆ. ತಿರುಗಿ ನೋಡುವಷ್ಟರಲ್ಲಿ ಅವ್ವ ಮಾಯವಾದರೆ, ಯಾವ ಹೊತ್ತಿನಲ್ಲಾದರೂ ಅವಳು ಮಾಯವಾಗಬಹುದು ಅನ್ನುವುದನ್ನೇ ಮಗು ಕಲಿಯುತ್ತದೆ. ಮರುದಿನ ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ತಾಯಿ ಎದುರಿಗೇ ನಿಂತು ‘ಹೋಗಿ ಬರ್ತೀನಿ, ನೀನು ಉಂಡ ಮೇಲೆ ಬರ್ತೀನಿ’ ಅಂತ ಹೇಳಿಯೇ ಹೋಗಲಿ. ಗಂಟೆ ಹೇಳಿದರೆ ಆ ವಯಸ್ಸಿಗೆ ತಿಳಿಯದು, ಉಣ್ಣುವ ಹೊತ್ತು ತಿಳಿಯುತ್ತದೆ. ಹೇಳಿದ ಹೊತ್ತಿಗೆ ಆಕೆ ಬರುವಂತೆ ನೋಡಿಕೋ. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಎರಡನೇ ಮಹಾಯುದ್ಧದ ನಂತರ ಮನೆಮಠ ಕಳೆದುಕೊಂಡ ಮಕ್ಕಳ ಬಗ್ಗೆ 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗೆ ವರದಿ ಬರೆದುಕೊಟ್ಟ. ನಂಬಿದ ಒಬ್ಬರ ಒಡನಾಟ ತಪ್ಪದೆ ಸಿಗುವುದು ಮಗುವಿನ ಮನಸ್ಸಿಗೆ ಎಷ್ಟು ಮುಖ್ಯ ಅನ್ನುವುದು ಆ ವರದಿಯ ತಿರುಳು. ದಿನಕ್ಕೆ ಕೆಲವು ಗಂಟೆ ಆ ಒಬ್ಬರು ನೀನೇ.

ತಾಯಿ ಹೋದ ಮೇಲೆ ಮಗು ಅಳುತ್ತದೆ. ಆಗ ‘ಅಳಬ್ಯಾಡ, ಸೂಜಿ ಹಾಕಿಸ್ತೀನಿ’ ಅನ್ನಬೇಡ. ನಾಳೆ ಚುಚ್ಚುಮದ್ದಿಗೆ ಅದೇ ಮಗುವನ್ನು ನೀನೇ ಕರೆದೊಯ್ಯಬೇಕು. ನೆಲದ ಮೇಲೆ ಅದರ ಸಮಕ್ಕೆ ಕೂತು ‘ಅವ್ವ ಹೋದ್ಲು ಅಂತ ಬ್ಯಾಸ್ರ ಆತಾ?’ ಅಂತ ಕೇಳು. ತನಗೆ ಆಗುತ್ತಿರುವುದಕ್ಕೆ ಒಂದು ಹೆಸರಿದೆ, ಇನ್ನೊಬ್ಬರಿಗೂ ಅದು ಗೊತ್ತಾಗುತ್ತದೆ ಅಂತ ಮಗುವಿಗೆ ಅನ್ನಿಸಬೇಕು. ಸಿಟ್ಟು, ಹೆದರಿಕೆ, ಹೊಟ್ಟೆಕಿಚ್ಚು, ಬೇಸರ ಅನ್ನುವ ಮಾತುಗಳನ್ನು ಹಣ್ಣು ತರಕಾರಿಗಳ ಹೆಸರು ಕಲಿಸಿದ ಹಾಗೆಯೇ ಕಲಿಸಬೇಕು. ಹೇಳಲು ಮಾತು ಸಿಕ್ಕಿದ ಮಗು ಹೊಡೆಯುವುದು, ಕಚ್ಚುವುದು ನಿಧಾನವಾಗಿ ಕಡಿಮೆಯಾಗುತ್ತದೆ.

ಆ ಮಾತು ಮಗುವಿನ ಮನೆಯದೇ ಆಗಿರಲಿ. ನ್ಯಾಮತಿ ಕಡೆಯ ಒಂದು ತಾಂಡಾದ ಕೇಂದ್ರದಲ್ಲಿ ಹೆಣ್ಣುಮಗುವೊಂದು ‘ಯಾಡಿ, ಯಾಡಿ’ ಅಂತ ಬಿಕ್ಕುತ್ತಿತ್ತು. ಬೇರೆ ಊರಿಂದ ಬಂದಿದ್ದ ಹೊಸ ಟೀಚರ್ ಏನೋ ಬೇಕೆಂದು ಹಟ ಮಾಡುತ್ತಿದೆ ಅಂದುಕೊಂಡು ಆಟಿಕೆಗಳನ್ನೆಲ್ಲ ಮುಂದೆ ಸುರಿದಳು. ಲಂಬಾಣಿಯಲ್ಲಿ ಯಾಡಿ ಅಂದರೆ ಅವ್ವ. ಲಂಬಾಣಿಗರ ಸಂತ ಸೇವಾಲಾಲರು ಹುಟ್ಟಿದರೆಂದು ನಂಬುವ ಸೂರಗೊಂಡನಕೊಪ್ಪ ಇರುವುದೇ ನ್ಯಾಮತಿ ತಾಲ್ಲೂಕಿನಲ್ಲಿ. ಅಲ್ಲಿ ಕೆಲಸ ಮಾಡುವವಳಿಗೆ ಆ ಭಾಷೆಯ ನಾಲ್ಕು ಮಾತು ಬರಲೇಬೇಕು.

ಹಟ ಅನ್ನುವ ಮಾತನ್ನು ನಾವು ಬಹಳ ಸಲೀಸಾಗಿ ಬಳಸುತ್ತೇವೆ. ಚನ್ನಗಿರಿ ಕಡೆ ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಸುಲಿಯಲು ಹೋದ ತಾಯಂದಿರು ರಾತ್ರಿ ಬಹಳ ಹೊತ್ತು ಮೆಟ್ಟುಗತ್ತಿಯ ಮುಂದೆ ಕೂತಿರುತ್ತಿದ್ದರು. ಯಂತ್ರ ಬಂದ ಮೇಲೆ ಅದು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಮಗು ಪಕ್ಕದಲ್ಲೇ ಚೀಲದ ಮೇಲೆ ಅರೆನಿದ್ದೆ ಮಾಡಿ ಬೆಳಗ್ಗೆ ನಿನ್ನ ಹತ್ತಿರ ಬರುತ್ತದೆ. ಸಿಟ್ಟನ್ನು ತಡೆದುಕೊಳ್ಳುವ ಮಿದುಳಿನ ಮುಂಭಾಗ ಇಪ್ಪತ್ತು ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ. ಇನ್ನು ನಿದ್ದೆಗೆಟ್ಟ ನಾಲ್ಕು ವರ್ಷದ ಮಗು ತಡೆದುಕೊಳ್ಳಲಿ ಅಂದರೆ ಹೇಗೆ? ಅದಕ್ಕೆ ಮೊದಲು ಚಾಪೆ ಹಾಸು.

ಅಳುವ ಮಗುವಿಗಿಂತ ಹೆಚ್ಚು ನನ್ನನ್ನು ಕಾಡುವುದು ಅಳದ ಮಗು. ಜಗಳೂರಿನದು ಮಳೆ ನಂಬಿದ ಹೊಲ. ಮಳೆ ಕೈಕೊಟ್ಟ ವರ್ಷ ಜನ ಕಾಫಿ ಸೀಮೆಗೆ ಗುಳೆ ಹೋಗುತ್ತಾರೆ, ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತವೆ. ಅಂಥ ಒಂದು ಗಂಡುಮಗು ಮೂಲೆಯಲ್ಲಿ ಕೂತರೆ ಕೂತದ್ದೇ. ಕೊಟ್ಟದ್ದು ಉಣ್ಣುತ್ತಿತ್ತು, ಯಾರ ಗೊಡವೆಗೂ ಹೋಗುತ್ತಿರಲಿಲ್ಲ. ‘ಎಷ್ಟು ಜಾಣ ನೋಡ್ರಿ’ ಅಂತ ಟೀಚರ್ ಹೇಳಿದಳು, ನಾನೂ ಹೌದೆಂದು ತಲೆ ಸವರಿ ಬಂದೆ. ತೂಕ ಇಳಿಯುತ್ತಿದೆ ಅಂತ ನಕ್ಷೆ ನೋಡಿದ ಮೇಲೆಯೇ ನನಗೆ ಎಚ್ಚರವಾದದ್ದು. ಅದು ಅಳುವುದನ್ನು ಬಿಟ್ಟದ್ದು ಸಮಾಧಾನ ಆಗಿ ಅಲ್ಲ, ಅತ್ತರೆ ಯಾರೂ ಬರುವುದಿಲ್ಲ ಅಂತ ಗೊತ್ತಾಗಿ.

1970ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಎಡ್ವರ್ಡ್ ಟ್ರೋನಿಕ್ ಒಂದು ಪ್ರಯೋಗ ಮಾಡಿದ. ಎಳೆಗೂಸಿನ ಜೊತೆ ನಗುತ್ತಾ ಆಡುತ್ತಿದ್ದ ತಾಯಿ ಇದ್ದಕ್ಕಿದ್ದಂತೆ ಕೆಲವು ನಿಮಿಷ ಮುಖವನ್ನು ಕಲ್ಲಿನಂತೆ ಇಟ್ಟುಕೊಳ್ಳಬೇಕು, ಅಷ್ಟೆ. ಕೂಸು ನಗುತ್ತದೆ, ಕೈ ಚಾಚುತ್ತದೆ, ಕೂಗುತ್ತದೆ. ಏನೂ ನಡೆಯದಾದಾಗ ಮುಖ ತಿರುಗಿಸಿಕೊಂಡು ತನ್ನಷ್ಟಕ್ಕೆ ಸೋತು ಕೂರುತ್ತದೆ. ಅದನ್ನು ಓದಿದ ದಿನ ಜಗಳೂರಿನ ಆ ಮೂಲೆ ಕಣ್ಣಿಗೆ ಬಂತು. ಇನ್ನೊಂದೂ ಕಣ್ಣಿಗೆ ಬಂತು. ಈಗ ನಿನ್ನ ಕೈಯ ಫೋನಿನಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ಇದೆ. ಹಾಜರಿ, ತೂಕ, ಫೋಟೊ ಎಲ್ಲ ಅದರಲ್ಲೇ. ನೆಟ್‌ವರ್ಕ್ ಸಿಗದೆ ನೀನು ಅದರೊಳಗೆ ಮುಳುಗಿರುವಾಗ ಎದುರಿಗಿರುವ ಮಕ್ಕಳಿಗೆ ಕಾಣುವುದು ಅದೇ ಕಲ್ಲುಮುಖ. ಆ ಕೆಲಸ ಬೇಡ ಅನ್ನುತ್ತಿಲ್ಲ. ಮಕ್ಕಳು ಬಂದ ಮೊದಲ ಅರ್ಧ ಗಂಟೆ ಅದನ್ನು ಮುಟ್ಟಬೇಡ.

ಮೂಲೆಯ ಮಗುವಿಗೆ ಗದ್ದಲದ ಪ್ರೀತಿ ಬೇಡ. ದಿನಾ ಹತ್ತು ನಿಮಿಷ ಪಕ್ಕದಲ್ಲಿ ಕೂತು ಅದು ಮಾಡಿದ್ದನ್ನೇ ನೀನೂ ಮಾಡು. ಅದು ಕಲ್ಲು ಜೋಡಿಸಿದರೆ ನೀನೂ ಜೋಡಿಸು. ವಾರಗಳು ಹಿಡಿಯುತ್ತವೆ. ಯಾವ ಮಗುವೇ ಆಗಲಿ, ಎರಡು ವರ್ಷ ತುಂಬಿದರೂ ಎರಡು ಪದ ಕೂಡಿಸಿ ಆಡದಿದ್ದರೆ, ಕರೆದರೆ ತಿರುಗಿ ನೋಡದಿದ್ದರೆ ‘ಅವರಪ್ಪನೂ ತಡವಾಗೇ ಮಾತಾಡಿದ್ದ’ ಅನ್ನುವ ಅಜ್ಜಿಯ ಮಾತಿಗೆ ಸುಮ್ಮನಾಗಬೇಡ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಆ ದಿನ ಮಗು ತಪ್ಪಿಸಿಕೊಳ್ಳದಂತೆ ನೀನೇ ಮನೆಗೆ ಹೋಗಿ ಕರೆದು ತಾ.

ಈಗ ನಿನ್ನ ವಿಷಯ. ಮನೆಯಲ್ಲಿ ಜಗಳವಾಗಿರಲಿ, ಗೌರವಧನ ತಡವಾಗಿರಲಿ, ಮಕ್ಕಳ ಮುಂದೆ ನಗಬೇಕು. ಇದೂ ದುಡಿಮೆಯೇ. ವಿಮಾನದ ಪರಿಚಾರಿಕೆಯರ ನಗುವಿನ ಹಿಂದಿನ ದಣಿವನ್ನು ಅಭ್ಯಾಸ ಮಾಡಿ ಆರ್ಲಿ ಹಾಕ್‌ಶೀಲ್ಡ್ ಎಂಬ ಸಮಾಜಶಾಸ್ತ್ರಜ್ಞೆ 1983ರಲ್ಲೇ ಇದಕ್ಕೆ ಭಾವಶ್ರಮ ಎಂಬ ಅರ್ಥದ ಹೆಸರು ಕೊಟ್ಟಳು. ನಮ್ಮ ದೇಶದಲ್ಲಿ ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಅಂಗನವಾಡಿಯವರಿಗೂ ಗ್ರಾಚ್ಯುಟಿಯ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ. ನಿನ್ನದು ಸೇವೆ ಅನ್ನುವವರು ಬಹಳ ಜನ ಸಿಗುತ್ತಾರೆ. ಅದು ಕೆಲಸ, ದಣಿಸುವ ಕೆಲಸ ಅಂತ ನೀನು ಮರೆಯಬೇಡ. ಸಿಟ್ಟು ಕೈಗೆ ಇಳಿಯುವ ಹಾಗಾದರೆ ಸಹಾಯಕಿಗೆ ಮಕ್ಕಳನ್ನು ಒಪ್ಪಿಸಿ ಐದು ನಿಮಿಷ ಹೊರಗೆ ನಿಲ್ಲು. ದಿನವೂ ಹಾಗೇ ಆಗುತ್ತಿದ್ದರೆ ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಫೋನ್ ಮಾಡು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ನಾಳೆ ಬಾಗಿಲು ತೆಗೆದಾಗ ಒಂದೊಂದು ಮಗುವನ್ನೂ ಹೆಸರು ಹಿಡಿದು ಕರೆದು ಒಳಗೆ ಕೂರಿಸು, ತಂಗಿ. ಮೂಲೆಯಲ್ಲಿ ಕೂತದ್ದನ್ನು ಮೊದಲು ಕರೆ.