ಮಾಲ್ಗುಡಿಯ ಓಣಿ

ಇತಿಹಾಸವೆಂದರೆ ಗುಡಿ, ಕೋಟೆ, ಶಾಸನಗಳೆಂದೇ ನಮ್ಮಲ್ಲಿ ಹಲವರ ಭಾವನೆ. ಹಾನಗಲ್ಲಿನ ತಾರಕೇಶ್ವರ ದೇವಾಲಯವನ್ನು ಪುರಾತತ್ತ್ವ ಇಲಾಖೆ ಕಾಯುತ್ತದೆ. ಅದೇ ಊರಿನ ಓಣಿಯಲ್ಲಿ ಮೂರು ತಲೆಮಾರು ಬಾಳಿದ ಪಡಸಾಲೆಯ ಮನೆಯನ್ನು ಕಾಯುವವರಾರು? ಈ ಪ್ರಶ್ನೆಗೆ ಉತ್ತರವನ್ನು ನಾನು ಒಂದು ದೂರದರ್ಶನ ಧಾರಾವಾಹಿಯಲ್ಲಿ ಹುಡುಕಿದ್ದೇನೆ. ವಾಚಕರು ಅಚ್ಚರಿಪಡಬಾರದು.

1954ರಲ್ಲಿ ಜನಿಸಿದ ಶಂಕರ್ ನಾಗ್ ಅವರು ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿ, 1978ರ ‘ಒಂದಾನೊಂದು ಕಾಲದಲ್ಲಿ’ ಚಿತ್ರದಿಂದ ಕನ್ನಡಿಗರಿಗೆ ಪರಿಚಿತರಾದರು. ಆಟೋ ಚಾಲಕರು ಇಂದಿಗೂ ಅವರ ಭಾವಚಿತ್ರಕ್ಕೆ ಹಾರ ಹಾಕುತ್ತಾರೆ. ನನಗಾದರೋ ಅವರ ನಟನೆಗಿಂತ ದೊಡ್ಡದಾಗಿ ಕಾಣುವುದು, 1986ರಲ್ಲಿ ಟಿ. ಎಸ್. ನರಸಿಂಹನ್ ಅವರ ನಿರ್ಮಾಣದಲ್ಲಿ ಅವರು ನಿರ್ದೇಶಿಸಿದ ‘ಮಾಲ್ಗುಡಿ ಡೇಸ್’. ಆರ್. ಕೆ. ನಾರಾಯಣರ ಮಾಲ್ಗುಡಿ ಯಾವ ನಕಾಶೆಯಲ್ಲಿಯೂ ಇಲ್ಲದ ಊರು. ಅದನ್ನು ಸ್ಟುಡಿಯೋದಲ್ಲಿಯೇ ಹಲಗೆ ಜೋಡಿಸಿ ನಿಲ್ಲಿಸಬಹುದಾಗಿತ್ತು. ಶಂಕರ್ ನಾಗ್ ಅವರು ಮಲೆನಾಡಿನ ಆಗುಂಬೆಗೆ ಹೋದರು. ಹೆಂಚಿನ ಮನೆಗಳು, ಜಗುಲಿಗಳು, ಶತಮಾನ ದಾಟಿದ ದೊಡ್ಡಮನೆ, ಹೀಗೆ ಜನ ಉಂಡು ಮಲಗುವ ಕೇರಿಯೇ ಮಾಲ್ಗುಡಿಯಾಯಿತು. ರೈಲು ನಿಲ್ದಾಣಕ್ಕೆ ಅದೇ ಸೀಮೆಯ ಅರಸಾಳು ಒದಗಿತು.

ಅವರು ಸಂರಕ್ಷಣೆಯ ಚಳವಳಿ ಹೂಡಿದವರಲ್ಲ. ಆದರೂ ಫಲವನ್ನು ನೋಡಿರಿ. ಅವರು 1990ರಲ್ಲಿ ದಾವಣಗೆರೆಯ ಬಳಿಯ ಆನಗೋಡಿನಲ್ಲಿ ಅಪಘಾತಕ್ಕೀಡಾದರು; 30 ವರ್ಷಗಳ ತರುವಾಯ, 2020ರಲ್ಲಿ, ಜೀರ್ಣವಾಗಿದ್ದ ಅರಸಾಳಿನ ಹಳೆಯ ನಿಲ್ದಾಣವನ್ನು ರೈಲ್ವೆಯವರು ದುರಸ್ತಿಗೊಳಿಸಿ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು. ಧಾರಾವಾಹಿಯ ಕಲಾನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಆ ಕೆಲಸಕ್ಕೂ ಕೈಹಚ್ಚಿದರು. ಒಮ್ಮೆ ಪ್ರೀತಿಯಿಂದ ನೋಡಿದ ಕಟ್ಟಡವನ್ನು ಕೆಡವಲು ಜನಕ್ಕೆ ಮನಸ್ಸು ಬರಲಿಲ್ಲ!

ನಮ್ಮ ಸೀಮೆಯಲ್ಲಿ ಬೇರೊಂದು ದಾರಿ ಉಂಟು. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಅವರು ಉತ್ಸವ ರಾಕ್ ಗಾರ್ಡನ್ನಿನಲ್ಲಿ ಹಳ್ಳಿಯ ಬಾಳನ್ನೇ ಸಿಮೆಂಟಿನಲ್ಲಿ ನಿಲ್ಲಿಸಿದ್ದಾರೆ. ಅವರ ಕಸುಬಿಗೆ ನಾನು ತಲೆಬಾಗುತ್ತೇನೆ. ನನ್ನ ತಕರಾರು ನೋಡುವ ನಮ್ಮೊಡನೆ. ಅಲ್ಲಿ ಟಿಕೀಟು ತೆಗೆಸಿ ಸಿಮೆಂಟಿನ ಮನೆಯ ಮುಂದೆ ಫೋಟೋ ತೆಗೆಸಿಕೊಳ್ಳುತ್ತೇವೆ. ಊರಿಗೆ ಬಂದು, ಬೈಕು ನಿಲ್ಲಿಸಲೆಂದು ಮನೆಯ ಕಟ್ಟೆಯನ್ನು ಒಡೆಯುತ್ತೇವೆ.

ಬಯ್ಯುವುದು ಸುಲಭ. ಸವಣೂರಿನ ನಮ್ಮ ಮನೆ ಅಣ್ಣತಮ್ಮಂದಿರಲ್ಲಿ ಪಾಲಾದಾಗ, ನಮ್ಮ ಪಾಲಿಗೆ ಬಂದ ನಾಲ್ಕು ಕೆತ್ತನೆಯ ಕಂಬಗಳನ್ನು ಅಪ್ಪ ವ್ಯಾಪಾರಿಗೆ ಕೊಟ್ಟರು. ನಮ್ಮ ಮನೆತನದಲ್ಲಿ ಪದವಿಯವರೆಗೆ ಬಂದ ಮೊದಲಿಗ ನಾನು. ಮೊದಲ ವರ್ಷದ ಫೀ ಕಟ್ಟಿದ್ದು ಆ ಹಣದಿಂದಲೇ. ಆ ಕಂಬಗಳ ಚಿತ್ರ ಸಹ ನಮ್ಮಲ್ಲಿಲ್ಲ. ಸವಣೂರಿನ ಮೂರು ದೊಡ್ಡ ಹುಣಸೆ ಮರಗಳನ್ನು ದೂರದವರೂ ಬಂದು ನೋಡುತ್ತಾರೆ. ನಬಾಬರ ಕಾಲದ ಓಣಿಗಳತ್ತ ಕೆಮರಾ ತಿರುಗಿಸುವವರು ಅಪರೂಪ.

ಮೊಬೈಲು ಈಗ ಪ್ರತಿಯೊಬ್ಬ ವಿದ್ಯಾರ್ಥಿಯ ಜೇಬಿನಲ್ಲಿದೆ. ಬರುವ ರಜೆಯಲ್ಲಿ ನಾವು ಮೂವರು ಗೆಳೆಯರು ಸವಣೂರಿನ ಓಣಿಗಳನ್ನು ಚಿತ್ರಿಸುವವರಿದ್ದೇವೆ. ಹಿರೇಕೆರೂರು, ಹಾನಗಲ್ಲ ಕಡೆಯ ಮಿತ್ರರು ಕೂಡಿದರೆ ಕೆಲಸ ಹಗುರಾದೀತು. ಕಂಬವನ್ನಷ್ಟೇ ಚಿತ್ರಿಸಿ ಬರಬೇಡಿರಿ. ಅದಕ್ಕೆ ಒರಗಿ ಕುಳಿತ ಅಜ್ಜಿಯ ಮಾತನ್ನೂ ಹಿಡಿದು ತನ್ನಿರಿ.