ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ

ನನ್ನ ಸ್ಕೂಟರಿನ ಡಿಕ್ಕಿಯಲ್ಲಿ ಯುಡಿಐಡಿ (ಅಂಗವಿಕಲರ ಗುರುತಿನ ಚೀಟಿ) ಅರ್ಜಿಗಳ ಜೊತೆ ಒಂದು ಅಳತೆ ಟೇಪು ಸದಾ ಇರುತ್ತದೆ. ಎಡಗಾಲು ಪೋಲಿಯೊಗೆ ಹೋಗಿದೆ, ಊರುಗೋಲು ಹಿಡಿದು ನಡೆಯುತ್ತೇನೆ. ಅಂಗವಿಕಲರ ಪುನರ್ವಸತಿ ಕೆಲಸಕ್ಕಾಗಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಕಚೇರಿಗಳನ್ನು ವರ್ಷಗಟ್ಟಲೆ ಸುತ್ತಿದ್ದೇನೆ. ಟೇಪು ಇಟ್ಟುಕೊಳ್ಳುವ ಬುದ್ಧಿ ಬಂದದ್ದು ಮಾತ್ರ ತಡವಾಗಿ.

ಬ್ಯಾಡಗಿ ಕಡೆಯ ಹಳ್ಳಿಯ ಅಕ್ಕ ಒಬ್ಬರಿಗೆ ಎರಡೂ ಕಾಲಿನಲ್ಲಿ ಬಲವಿಲ್ಲ. ಕುಳಿತಲ್ಲೇ ಮೆಣಸಿನಕಾಯಿ ತೊಟ್ಟು ಬಿಡಿಸಿ ಜೀವನ. ಮಾಸಾಶನ ನಿಂತುಹೋಗಿತ್ತೆಂದು ಅವರನ್ನು ಒಂದು ಕಚೇರಿಗೆ ಕರೆದೊಯ್ದೆ. ಊರಿನ ಹೆಸರು ಬೇಡ. ಎದುರಿಗೆ ಐದು ಮೆಟ್ಟಿಲು, ಪಕ್ಕದಲ್ಲಿ ರ‍್ಯಾಂಪು. ಗಾಲಿಕುರ್ಚಿ ಅರ್ಧ ಏರುವಷ್ಟರಲ್ಲಿ ಮುಂದಿನ ಗಾಲಿ ಮೇಲೆದ್ದು ಹಿಂದಕ್ಕೆ ವಾಲಿತು. ಕೆಳಗೆ ಹೊಳೆಯುವ ಗ್ರಾನೈಟು. ನನ್ನ ಊರುಗೋಲೂ ಜಾರಿತು. ಒಳಗಿನಿಂದ ನಾಲ್ಕು ಜನ ಓಡಿಬಂದು, "ಬಿಡ್ರಿ, ಎತ್ತೇ ಬಿಡೋಣು" ಎಂದು ಕುರ್ಚಿ ಸಮೇತ ಎತ್ತಿ ಒಳಗಿಟ್ಟರು. ಒಳ್ಳೆಯ ಮನಸ್ಸಿನವರೇ. ಆದರೆ ಹೊರಗೆ ಬಂದ ಮೇಲೆ ಅಕ್ಕ ಹೇಳಿದರು: "ತಮ್ಮಾ, ಇನ್ನೊಮ್ಮೆ ನನ್ನ ಇಲ್ಲಿ ಕರಕೊಂಡು ಬರಬ್ಯಾಡ. ನಾಕು ಮಂದಿ ಗಂಡಸರು ಎತ್ತಿದಾಗ ಸೀರಿ ಹಿಡ್ಕೊಳ್ಳೋದ ಆತು ನನಗ. ಕಾಗದಾ ತೋರ್ಸೋದ ಮರತೆ."

ಮರುವಾರ ಟೇಪು ಹಿಡಿದು ಅಲ್ಲಿಗೇ ಹೋದೆ. ಒಂದೊಂದು ಮೆಟ್ಟಿಲೂ ಆರು ಇಂಚು, ಒಟ್ಟು ಎರಡೂವರೆ ಅಡಿ ಎತ್ತರ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕೆಂಬುದು ಲೆಕ್ಕ. ಅಂದರೆ 30 ಅಡಿ ಇರಬೇಕಿತ್ತು. ಇದ್ದದ್ದು ಹತ್ತು. ಗೌಂಡಿಯನ್ನು ಹುಡುಕಿ ಕೇಳಿದೆ. "ಜಾಗ ಇದ್ದಷ್ಟರಾಗ ಮಾಡು ಅಂದ್ರು, ಮಾಡಿದ್ವಿರಿ" ಎಂದ. ಅಳತೆಯನ್ನು ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ವರ್ಷಾನುಗಟ್ಟಲೆ ನಾನು ಬರೆದುಕೊಟ್ಟ ಮನವಿಗಳಲ್ಲಿದ್ದದ್ದು "ರ‍್ಯಾಂಪ್ ಒದಗಿಸಬೇಕು" ಎಂಬ ಒಂದೇ ಸಾಲು. ಅವರು ಒದಗಿಸಿದ್ದರು.

ಈಗ ಮನವಿಯಲ್ಲಿ ಅಂಕಿಯನ್ನೇ ಬರೆಯುತ್ತೇನೆ. ಜಾಗ ಸಾಲದಿದ್ದರೆ ರ‍್ಯಾಂಪನ್ನು ನಡುವೆ ತಿರುಗಿಸಿ, ತಿರುವಿನಲ್ಲಿ ಸಮತಟ್ಟು ಬಿಡಿ, ಹದಿನೈದು ಅಡಿ ಮತ್ತು ಆ ಸಮತಟ್ಟಿನಷ್ಟು ಉದ್ದದ ಜಾಗದಲ್ಲೇ ಕೂರುತ್ತದೆ. ಎರಡೂ ಬದಿಗೆ ಹಿಡಿಕೆ ಪೈಪು ಇರಲಿ. ನೆಲ ಒರಟಾಗಿರಲಿ. ಬಾಗಿಲು ತೆರೆದಾಗ 900 ಮಿಲಿಮೀಟರ್, ಹೆಚ್ಚುಕಡಿಮೆ ಮೂರು ಅಡಿ ದಾರಿ ಸಿಗಲಿ. ಶೌಚಾಲಯದ ಬಾಗಿಲು ಹೊರಕ್ಕೆ ತೆರೆಯಲಿ; ಅದರೊಳಗೆ ಹಳೆಯ ಕಡತ, ಮುರಿದ ಕುರ್ಚಿ ತುಂಬಿ ಬೀಗ ಹಾಕುವುದು ನಿಲ್ಲಲಿ. ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ ಬೇಕಾದದ್ದನ್ನು ಅವರನ್ನೇ ಕೇಳಿ ಬರೆಯುತ್ತೇನೆ. ನನ್ನ ಕಾಲಿನ ಅನುಭವ ಅಲ್ಲಿಗೆ ಸಾಲದು.

ಕಾನೂನಿಗೆ ಬರವಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 45ನೇ ಕಲಮಿನಂತೆ, ಇರುವ ಸಾರ್ವಜನಿಕ ಕಟ್ಟಡಗಳೆಲ್ಲ ನಿಯಮ ಪ್ರಕಟವಾದ ಐದು ವರ್ಷದೊಳಗೆ ಸರಿಹೋಗಬೇಕಿತ್ತು. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಗಡುವು 2022ಕ್ಕೇ ಮುಗಿಯಿತು. ದೃಷ್ಟಿ ಇಲ್ಲದ ರಾಜೀವ್ ರತೂರಿ 2005ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2024ರ ನವೆಂಬರ್ 8ರಂದು ಹೇಳಿದ್ದು ಇನ್ನೂ ಮುಖ್ಯ: ಈ ಅಳತೆಗಳು ಬರೀ ಸಲಹೆಯಾಗಿ ಉಳಿಯುವಂತಿಲ್ಲ, ಕಡ್ಡಾಯ ನಿಯಮವಾಗಬೇಕು. ಗೌಂಡಿಯ ಮಾತು ಕೇಳಿಸಿಕೊಂಡ ನನಗೆ ಆ ತೀರ್ಪಿನ ಅರ್ಥ ಬೇಗ ಆಯಿತು. ಸಲಹೆ ಎಂದರೆ "ಜಾಗ ಇದ್ದಷ್ಟು."

ಕಟ್ಟಿದ ಮೇಲೆ ಒಡೆಸುವುದು ಕಷ್ಟ. ನಿಮ್ಮೂರಿನಲ್ಲಿ ಪಂಚಾಯಿತಿ, ಶಾಲೆ, ಆಸ್ಪತ್ರೆ, ಯಾವುದೇ ಸರ್ಕಾರಿ ಕಟ್ಟಡಕ್ಕೆ ಬುನಾದಿ ತೋಡುತ್ತಿದ್ದರೆ, ಕಾಂಕ್ರೀಟು ಬೀಳುವ ಮುಂಚೆ ಊರಿನ ಗಾಲಿಕುರ್ಚಿಯವರೊಬ್ಬರನ್ನು ಅಲ್ಲಿಗೆ ಕರೆಯಿರಿ. ಟೇಪು ಹಿಡಿಯಲು ಇನ್ನೊಂದು ತುದಿಗೆ ನೀವು ನಿಲ್ಲಿರಿ.