ಸ್ಕ್ಯಾನ್‌ಗೆ ಮುನ್ನ ಒಂದು ಇಂಜೆಕ್ಷನ್

ಬೆಂಗಳೂರಿನ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಾಗಲಿ, ಇಂದಿರಾನಗರದ ಸ್ಕ್ಯಾನಿಂಗ್ ಸೆಂಟರ್ ಆಗಲಿ, ಹೊಟ್ಟೆಯ ಎಂಆರ್‌ಐಗೆ ಮುನ್ನ ಇಂಜೆಕ್ಷನ್ ಕೊಡುತ್ತೇವೆಂದರೆ ಗಾಬರಿಯಾಗಬೇಡಿ. ನೀವು ಉಸಿರು ಬಿಗಿಹಿಡಿದು ಅಲ್ಲಾಡದೆ ಮಲಗಬಹುದು. ಕರುಳು ನಿಮ್ಮ ಮಾತು ಕೇಳುವುದಿಲ್ಲ. ಅದರ ಗೋಡೆಯ ಅನೈಚ್ಛಿಕ ಸ್ನಾಯು ಅಲೆಅಲೆಯಾಗಿ ಹಿಂಡುತ್ತಲೇ ಇರುತ್ತದೆ, ಚಿತ್ರ ಮಸುಕಾಗುತ್ತದೆ. ಹೊಟ್ಟೆ ನುಲಿತಕ್ಕೆ ಕೊಡುವ ಬಸ್ಕೋಪಾನ್, ಸಾಮಾನ್ಯವಾಗಿ 20 ಮಿಲಿಗ್ರಾಂ, ಆ ಸ್ನಾಯುವನ್ನು ಸ್ವಲ್ಪ ಹೊತ್ತು ಸಡಿಲಿಸುತ್ತದೆ.

ಗ್ಲಾಕೋಮಾ, ಹೃದಯದ ತೊಂದರೆ, ಪ್ರಾಸ್ಟೇಟ್ ದೊಡ್ಡದಾಗಿ ಮೂತ್ರ ಕಟ್ಟುವುದು, ಸ್ನಾಯು ದುರ್ಬಲವಾಗುವ ಮಯಸ್ತೇನಿಯಾ ಕಾಯಿಲೆ ಇದ್ದರೆ ಯಾರೂ ಕೇಳದಿದ್ದರೂ ನೀವೇ ಬಾಯಿಬಿಟ್ಟು ಹೇಳಿ. ಅಂಥವರಿಗೆ ಬಸ್ಕೋಪಾನ್ ಬದಲಿಗೆ ಗ್ಲುಕಗಾನ್ ಕೊಡುವುದುಂಟು. ಅದು ರಕ್ತದ ಸಕ್ಕರೆ ಏರಿಸುತ್ತದೆ, ಹಾಗಾಗಿ ಸಕ್ಕರೆ ಕಾಯಿಲೆಯವರು ಅದನ್ನೂ ತಿಳಿಸಬೇಕು.

ಬಸ್ಕೋಪಾನ್‌ನಿಂದ ಬಾಯಿ ಒಣಗುವುದು, ಎದೆಬಡಿತ ಜೋರಾಗುವುದು ಬೇಗ ಇಳಿಯುತ್ತದೆ. ನನಗೆ ಹೆಚ್ಚು ಚಿಂತೆ ಕಣ್ಣಿನದು. ದೃಷ್ಟಿ ಮಂಜಾಗಿದ್ದರೆ ಹಳೇ ಮದ್ರಾಸ್ ರಸ್ತೆಯ ಆ ವಾಹನದಟ್ಟಣೆಯಲ್ಲಿ ಸ್ಕೂಟರ್ ಓಡಿಸಬೇಡಿ. ಹಲಸೂರು, ಇಂದಿರಾನಗರ, ಕೆ.ಆರ್.ಪುರಂ ಮೂರೂ ಮೆಟ್ರೊದ ನೇರಳೆ ಮಾರ್ಗದಲ್ಲೇ ಇವೆ. ಮನೆಯವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮನೆಗೆ ಬಂದಮೇಲೆ ಕಣ್ಣು ಕೆಂಪಾಗಿ ನೋಯತೊಡಗಿದರೆ, ದೃಷ್ಟಿ ಕುಂದಿದರೆ, ಬೆಳಗಾಗಲಿ ಎಂದು ಕಾಯದೆ ಆಗಲೇ ಕಣ್ಣಿನ ವೈದ್ಯರ ಬಳಿಗೆ ಹೋಗಿ.